ಮಾತು ಅನ್ನಮಯ್ಯನದು, ಧಾತು ರಾಳ್ಳಪಲ್ಲಿಯವರದು

ರಾಮನವಮಿಯ ಚಪ್ಪರದಲ್ಲಿ ಕಛೇರಿ. ತನಿ ಆವರ್ತನ ಮುಗಿದು ತುಕ್ಕಡಗಳ ಹೊತ್ತಾಗಿದೆ. ಪಾನಕಕ್ಕೆಂದು ಎದ್ದು ಹೋದವರು ಲೋಟ ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಗೆ ಮರಳುತ್ತಾರೆ. ಗಾಯಕಿ ಮೈಕಿನ ಕಡೆ ಬಾಗಿ ‘ಮುಂದಿನದು ಅನ್ನಮಾಚಾರ್ಯರ ಕೀರ್ತನೆ’ ಎಂದು ಹೇಳಿ, ರಾಗ ತಾಳಗಳ ಹೆಸರು ಸೇರಿಸಿ, ಶ್ರುತಿ ಹಿಡಿಯುತ್ತಾರೆ. ಸಭೆ ತಲೆದೂಗುತ್ತದೆ. ತಾಳ್ಳಪಾಕದ ಅನ್ನಮಯ್ಯ ಐನೂರು ವರ್ಷದ ಹಿಂದೆ ತಿರುಮಲೆಯ ಬೆಟ್ಟದ ಮೇಲೆ ಹೀಗೇ ಹಾಡಿದ್ದನೆಂದು ಕೂತವರಲ್ಲಿ ಬಹುಮಂದಿಯ ನಂಬಿಕೆ.

ಹೀಗೆ ಹಾಡಿರಲಿಕ್ಕಿಲ್ಲ. ಅವನು ಹೇಗೆ ಹಾಡಿದನೆಂದು ಬಲ್ಲವರು ಯಾರೂ ಉಳಿದಿರಲೂ ಇಲ್ಲ. ನಾವು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವ ಆ ಮಟ್ಟುಗಳೆಲ್ಲ ಹುಟ್ಟಿದ್ದು ಮೊನ್ನೆ ಮೊನ್ನೆ, ಇಪ್ಪತ್ತನೆಯ ಶತಮಾನದಲ್ಲಿ. ಆ ಕೆಲಸಕ್ಕೆ ಮೊದಲು ಕೈಹಚ್ಚಿದವರಲ್ಲಿ ಹಿರಿಯರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು. ಆದರೆ ಕಛೇರಿಯಲ್ಲಿ ರಾಗದ ಹೆಸರು ಹೇಳುವ ರೂಢಿಯುಂಟು, ತಾಳದ ಹೆಸರು ಹೇಳುವ ರೂಢಿಯುಂಟು. ಮಟ್ಟು ಹಾಕಿದವರ ಹೆಸರು ಹೇಳುವ ರೂಢಿಯಿಲ್ಲ.

ನಮ್ಮ ಸಂಗೀತಶಾಸ್ತ್ರ ಹಾಡನ್ನು ಎರಡಾಗಿ ಬಿಡಿಸಿ ನೋಡುತ್ತದೆ. ಸಾಹಿತ್ಯಕ್ಕೆ ‘ಮಾತು’ ಎಂದೂ ಮಟ್ಟಿಗೆ ‘ಧಾತು’ ಎಂದೂ ಹೆಸರು. ಎರಡನ್ನೂ ತಾನೇ ಕಟ್ಟುವವನು ವಾಗ್ಗೇಯಕಾರ. ಪುರಂದರದಾಸರು ಹಾಗೆ, ತ್ಯಾಗರಾಜರು ಹಾಗೆ. ರಾಳ್ಳಪಲ್ಲಿಯವರೂ ಸ್ವಂತ ರಚನೆ ಮಾಡಬಲ್ಲವರೇ, ಮಾಡಿದವರೇ. ಆದರೂ ಬಾಳಿನ ಹಣ್ಣಾದ ವರ್ಷಗಳನ್ನು ಇನ್ನೊಬ್ಬನ ಮಾತಿಗೆ ಧಾತು ಹುಡುಕುವುದರಲ್ಲಿ ಕಳೆದರು. ‘ಎಲೆಮರೆಯ ಕಾಯಿ’ ಎಂದು ನಮ್ಮಲ್ಲೊಂದು ಸವಕಲು ಮಾತಿದೆ. ಇವರ ವಿಷಯದಲ್ಲಿ ಅದನ್ನು ಆಡಲು ನನಗೆ ಮನಸ್ಸಿಲ್ಲ. ಎಲೆ ಇವರನ್ನು ಮುಚ್ಚಲಿಲ್ಲ. ಇವರೇ ಎಲೆಯನ್ನು ಎಳೆದುಕೊಂಡರು.

ಹಳೆಯ ಅನಂತಪುರ ಜಿಲ್ಲೆಯ ಪಡುವಣ ಅಂಚನ್ನು ಭೂಪಟದಲ್ಲಿ ನೋಡಬೇಕು. ಮೇಲೆ ರಾಯದುರ್ಗ, ಕೋಟೆಯ ಬೆಟ್ಟದ ಬುಡದಲ್ಲಿ ಮಗ್ಗ, ಹೊಲಿಗೆ ಯಂತ್ರಗಳ ಸದ್ದಿನ ಊರು. ಕೆಳಗೆ ಮಡಕಶಿರಾ. ಅದರ ಆಚೆ ಅಮರಾಪುರದ ಬಳಿ ಹೇಮಾವತಿ. ಅದೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ರಾಯದುರ್ಗ, ಮಡಕಶಿರಾಗಳ ನಡುವೆ ಕಲ್ಯಾಣದುರ್ಗದ ಸೀಮೆ, ಕಂಬದೂರು, ಆ ಕಂಬದೂರಿಗೆ ಸೇರಿದ ರಾಳ್ಳಪಲ್ಲಿ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ನೆಲ. ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ಜನ. ರಾಜಸ್ಥಾನದ ಜೈಸಲ್ಮೇರಿನ ನಂತರ ದೇಶದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆ ಇದೇ ಎಂದು ಇಲ್ಲಿನವರು ಹೇಳಿಕೊಳ್ಳುವುದರಲ್ಲಿ ದುಃಖ ಎಷ್ಟೋ, ಒಂದು ಬಗೆಯ ಬಿಗುಮಾನವೂ ಅಷ್ಟೇ ಇರುತ್ತದೆ.

ಭಾಷೆಯ ವಿಚಾರದಲ್ಲಿ ಮಾತ್ರ ಈ ನೆಲಕ್ಕೆ ಬರವಿಲ್ಲ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಮನೆಮಾತು ಕನ್ನಡ, ಊರು ಆಂಧ್ರದ್ದು. ಪಕ್ಕದ ಪಾವಗಡದಲ್ಲಿ ಮನೆ ಮನೆಯಲ್ಲೂ ತೆಲುಗು, ಊರು ಕರ್ನಾಟಕದ್ದು. ಬಸ್ಸಿನಲ್ಲಿ ಕೂತರೆ ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುವುದನ್ನು ಕೇಳಬಹುದು. ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೀರಿ ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ.

ಅಂಥ ಕಡೆ 1893ರ ಜನವರಿ 23ರಂದು ಕರ್ಣಮಡಕಲ ಕೃಷ್ಣಮಾಚಾರ್ಯ ಮತ್ತು ಅಲಮೇಲುಮಂಗಮ್ಮ ದಂಪತಿಗೆ ಈ ಮಗ ಹುಟ್ಟಿದ. ಶ್ರೀವೈಷ್ಣವರ ಮನೆ. ಸಂಸ್ಕೃತದ, ತೆಲುಗಿನ ಮೊದಲ ಪಾಠ ತಂದೆಯಿಂದ; ಹಾಡು ತಾಯಿಯ ಕಡೆಯಿಂದ. ತಾಯಿಯ ಹೆಸರನ್ನೊಮ್ಮೆ ಗಮನಿಸಬೇಕು. ಅಲಮೇಲುಮಂಗ ತಿರುಪತಿಯ ತಿಮ್ಮಪ್ಪನ ಮಡದಿ. ಅನ್ನಮಯ್ಯನ ಶೃಂಗಾರ ಸಂಕೀರ್ತನೆಗಳ ನಾಯಕಿಯೂ ಅವಳೇ. ಮಗ ಅರ್ಧ ಶತಮಾನ ಕಳೆದ ಮೇಲೆ ಆ ಹೆಸರಿರುವ ಹಾಡುಗಳಿಗೇ ಸ್ವರ ಕೂರಿಸಲಿದ್ದಾನೆಂದು ಆಗ ಯಾರಿಗೆ ಗೊತ್ತಿತ್ತು? ಕಾಕತಾಳೀಯ ಎಂದು ತಳ್ಳಿಹಾಕಬಹುದು. ನನಗೆ ತಳ್ಳಿಹಾಕಲು ಇಷ್ಟವಿಲ್ಲ.

ಆ ಕಾಲದಲ್ಲಿ ಈ ಭಾಗದ ಹುಡುಗರಿಗೆ ಓದು ಎಂದರೆ ಮದರಾಸಲ್ಲ, ಮೈಸೂರು. ದೊಡ್ಡ ಸರ್ಕಾರದ ರಾಜಧಾನಿ ಮದರಾಸಾದರೂ ವಿದ್ಯೆಯ ದಾರಿ ಪಾವಗಡ, ತುಮಕೂರಿನ ಮೇಲೆ ಹಾಯುತ್ತಿತ್ತು. ಬಾಲಕ ಅನಂತಕೃಷ್ಣ ಮೈಸೂರಿನ ಪರಕಾಲ ಮಠ ಸೇರಿದ. ಮೈಸೂರು ಅರಸರ ರಾಜಗುರುಗಳ ಪೀಠ ಅದು. ಅಲ್ಲಿನ ಆರಾಧ್ಯದೈವ ಲಕ್ಷ್ಮೀಹಯಗ್ರೀವ, ವಿದ್ಯೆಗೆ ಅಧಿದೇವತೆ. ಪೀಠದಲ್ಲಿದ್ದವರು ‘ಅಲಂಕಾರಮಣಿಹಾರ’ ಬರೆದ ಶ್ರೀಕೃಷ್ಣಬ್ರಹ್ಮತಂತ್ರ ಪರಕಾಲ ಸ್ವಾಮಿಗಳು. ಕಾವ್ಯ, ನಾಟಕ, ಅಲಂಕಾರಗಳ ಪಾಠ ಅವರ ಬಳಿಯೇ ಆಯಿತು. ಗುರುವಾದ ಸನ್ಯಾಸಿ ಅಲಂಕಾರಶಾಸ್ತ್ರ ಬರೆದವರು. ದೈವಭಕ್ತಿಗೂ ಕಾವ್ಯರಸಿಕತೆಗೂ ನಡುವೆ ಗೋಡೆ ಕಟ್ಟುವ ಅಗತ್ಯ ಶಿಷ್ಯನಿಗೆ ಮುಂದೆ ಎಂದೂ ಕಾಣಲಿಲ್ಲವಾದರೆ ಆಶ್ಚರ್ಯವೇನು?

ಎರಡನೆಯ ತಿರುವು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರಿಂದ ಬಂತು. ಇಂಗ್ಲೆಂಡಿನಲ್ಲಿ ಓದಿ ಬಂದು ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ರೆಡ್ಡಿಯವರು ತೆಲುಗು ವಿಮರ್ಶೆಗೆ ಹೊಸ ಕಣ್ಣು ಕೊಟ್ಟವರು. ಸಂಸ್ಕೃತದಲ್ಲೇ ಮುಳುಗಿದ್ದ ಈ ಮಠದ ಹುಡುಗನನ್ನು ತೆಲುಗಿನ ಕಡೆ ತಿರುಗಿಸಿದ್ದು ಅವರೇ. 1912ರಲ್ಲಿ ಅನಂತಕೃಷ್ಣ ಶರ್ಮರು ಮಹಾರಾಜ ಕಾಲೇಜಿನಲ್ಲಿ ತೆಲುಗು ಪಂಡಿತರಾದರು. ಆಗಿನ್ನೂ ಹತ್ತೊಂಬತ್ತು ವಯಸ್ಸು. ಹತ್ತಿರ ಹತ್ತಿರ ನಾಲ್ಕು ದಶಕ ಅದೇ ಕಾಲೇಜು, ಅದೇ ಕೆಲಸ.

ಆ ಕಾಲೇಜಿನ ಪಡಸಾಲೆಯಲ್ಲಿ ಇನ್ನೊಬ್ಬರೂ ಓಡಾಡುತ್ತಿದ್ದರು: ಟಿ.ಎಸ್. ವೆಂಕಣ್ಣಯ್ಯ. ಅವರ ಊರು ಚಳ್ಳಕೆರೆ ತಾಲ್ಲೂಕಿನ ತಳುಕು, ರಾಯದುರ್ಗದಿಂದ ಬಹಳ ದೂರವಲ್ಲ. ಮನೆಮಾತು ತೆಲುಗು. ಆದರೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದರು. ಕುವೆಂಪು ‘ಶ್ರೀರಾಮಾಯಣದರ್ಶನಂ’ ಅರ್ಪಿಸಿದ್ದು ಅವರಿಗೆ. ಒಂದೇ ಒಣಸೀಮೆಯ ಆ ತುದಿಯವರೊಬ್ಬರು ಕನ್ನಡ ಕಟ್ಟಿದರು, ಈ ತುದಿಯವರೊಬ್ಬರು ಕನ್ನಡದ ರಾಜಧಾನಿಯಲ್ಲಿ ಕೂತು ತೆಲುಗು ಕಲಿಸಿದರು. ಅಂದಿನ ಮೈಸೂರಿಗೆ ಇದು ವಿಶೇಷವೆಂದು ಅನ್ನಿಸಿರಲಿಕ್ಕೂ ಇಲ್ಲ. ಮೈಸೂರು ವಾಸುದೇವಾಚಾರ್ಯರು ಕನ್ನಡ ಮಾತಾಡಿಕೊಂಡೇ ತೆಲುಗಿನಲ್ಲಿ ಕೃತಿ ರಚಿಸುತ್ತಿದ್ದ ಊರಲ್ಲವೇ ಅದು!

ಪಾಠ ಮುಗಿದ ಮೇಲೆ ಶರ್ಮರ ದಾರಿ ಸಂಗೀತದ ಕಡೆಗೆ. ಗುರು ಬಿಡಾರಂ ಕೃಷ್ಣಪ್ಪ. ಉಡುಪಿ ಸೀಮೆಯ ನಂದಳಿಕೆಯಿಂದ ಬಂದ ಕೊಂಕಣಿ ಮಾತಿನ ಬಡ ಹುಡುಗ ಮೈಸೂರಿನ ಆಸ್ಥಾನ ವಿದ್ವಾಂಸನಾಗಿ ಬೆಳೆದ ಕಥೆ ಸಂಗೀತಪ್ರಿಯರಿಗೆ ಗೊತ್ತು. ಪಿಟೀಲು ಚೌಡಯ್ಯನವರ ಗುರುವೂ ಅವರೇ. ಕೃಷ್ಣಪ್ಪನವರು ಮಾಡಿದ ಒಂದು ಕೆಲಸ ನಮ್ಮ ಕಥೆಗೆ ಮುಖ್ಯ. ಅಲ್ಲಿಯವರೆಗೆ ಭಜನೆಯ ಮನೆಯಲ್ಲಿ, ಭಿಕ್ಷೆಯ ದಾಸಯ್ಯನ ಬಾಯಲ್ಲಿ, ಬೀಸುವ ಕಲ್ಲಿನ ಮುಂದೆ ಇದ್ದ ದಾಸರ ಪದಗಳನ್ನು ಅವರು ಕಛೇರಿಯ ವೇದಿಕೆಗೆ ತಂದು, ರಾಗದ ಘನತೆ ಕೊಟ್ಟು, ವಿದ್ವಾಂಸರೆದುರು ಹಾಡಿದರು. ಪಂಡಿತರ ಮೂಗು ಮುರಿಯುವಿಕೆಗೆ ಸೊಪ್ಪು ಹಾಕಲಿಲ್ಲ.

ಶಿಷ್ಯ ಅದನ್ನು ನೋಡುತ್ತ ಬೆಳೆದ. ಭಕ್ತನೊಬ್ಬನ ಸರಳ ಮಾತು ದೊಡ್ಡ ಸಂಗೀತದ ಭಾರವನ್ನು ಹೊರಬಲ್ಲದು. ಆದರೆ ಸಂಗೀತ ಆ ಮಾತಿನ ಮೇಲೆ ಕೂತು ಉಸಿರು ಕಟ್ಟಿಸಬಾರದು. ಈ ಹದ ಶರ್ಮರಿಗೆ ಪುಸ್ತಕದಿಂದ ಬಂದದ್ದಲ್ಲ, ಗುರುವಿನ ಮಗ್ಗುಲಲ್ಲಿ ಕೂತು ದೇವರನಾಮ ಕೇಳಿ ಬಂದದ್ದು ಎಂದು ನನ್ನ ಊಹೆ. ತಿರುಪತಿಯಲ್ಲಿ ಅವರು ಮುಂದೆ ಮಾಡಿದ್ದು ಕೃಷ್ಣಪ್ಪನವರು ಮೈಸೂರಿನಲ್ಲಿ ಮಾಡಿದ್ದನ್ನೇ. ಹಾಗಾಗಿ, ತೆಲುಗಿನ ಅನ್ನಮಯ್ಯ ಕಛೇರಿಗೆ ಹತ್ತಿದ ಮೆಟ್ಟಿಲುಗಳಲ್ಲಿ ಒಂದು ಕನ್ನಡದ ದೇವರನಾಮ.

ತಿರುಪತಿಗೆ ಮುಂಚೆ ವೇಮನ. ಮಠದಲ್ಲಿ ಬೆಳೆದ ಆಚಾರವಂತ ಶ್ರೀವೈಷ್ಣವ ಮಠ, ಮೂರ್ತಿ, ಮಡಿ ಯಾವುದನ್ನೂ ಬಿಡದೆ ಗೇಲಿ ಮಾಡಿದ ವೇಮನನ ಮೇಲೆ ಪ್ರೀತಿಯಿಂದ ಪುಸ್ತಕ ಬರೆದರೆ ಹೇಗಿರಬೇಡ? 1928ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಪರವಾಗಿ ಅನಂತಪುರದಲ್ಲಿ ಶರ್ಮರು ವೇಮನನ ಕುರಿತು ಉಪನ್ಯಾಸ ಮಾಲೆ ಕೊಟ್ಟರು. ಅದಕ್ಕೆ ಮೊದಲು ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತಮಂಡಲವೆಂದು ಕರೆಸಿಕೊಳ್ಳುತ್ತಿದ್ದ ಆ ಸೀಮೆಗೆ ‘ರಾಯಲಸೀಮೆ’ ಎಂಬ ಹೆಸರು ನಂದ್ಯಾಲದ ಸಭೆಯಲ್ಲಿ ಹುಟ್ಟಿದ್ದೂ ಅದೇ ವರ್ಷ. ನೆಲ ತನ್ನ ಹೆಸರು ಹುಡುಕುತ್ತಿದ್ದಾಗ ಆ ನೆಲದ ಮಗ ಆ ನೆಲದ ಕವಿಯನ್ನು ಹುಡುಕುತ್ತಿದ್ದರು. ವೇಮನನ ಸಮಾಧಿ ಇರುವುದು ಕದಿರಿಯ ಹತ್ತಿರದ ಕಟಾರುಪಲ್ಲಿಯಲ್ಲಿ, ಮಡಕಶಿರಾದಿಂದ ಮೂಡಣಕ್ಕೆ.

ನಮಗೆ ಸರ್ವಜ್ಞ ಹೇಗೋ ತೆಲುಗರಿಗೆ ವೇಮನ ಹಾಗೆ. ಎಲ್ಲರ ನಾಲಗೆಯ ಮೇಲೂ ಇದ್ದಾನೆ, ಆದ್ದರಿಂದಲೇ ಪಂಡಿತರ ಪಂಕ್ತಿಯಲ್ಲಿ ಎಲೆ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿ.ಪಿ. ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ ಅವನ ಪದ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸದಿದ್ದರೆ ಅಷ್ಟೂ ದಕ್ಕುತ್ತಿರಲಿಲ್ಲವೇನೋ. ಶರ್ಮರು ವೇಮನನನ್ನು ದೇವರಾಗಿಸಲಿಲ್ಲ. ಚಿನ್ನ ಮಾಡುತ್ತಿದ್ದ, ವೇಶ್ಯೆಯ ಹಿಂದೆ ಬಿದ್ದಿದ್ದ ಎಂಬ ಕಥೆಗಳನ್ನೂ ತೂಗಿ ನೋಡಿದರು, ಕವಿತೆಯನ್ನೂ ಕವಿತೆಯಾಗಿ ನೋಡಿದರು. ಅವನ ಒರಟುತನಕ್ಕೆ ಕ್ಷಮೆ ಕೇಳುವ ದನಿ ಆ ಪುಸ್ತಕದಲ್ಲಿಲ್ಲ. ತೆಲುಗು ವಿಮರ್ಶೆಯಲ್ಲಿ ಆ ಪುಸ್ತಕದ ಸ್ಥಾನ ಇವತ್ತಿಗೂ ಅಲುಗಿಲ್ಲ.

ಅದೇ ಕೈ ಹಾಲನ ಪ್ರಾಕೃತ ‘ಗಾಥಾಸಪ್ತಶತಿ’ಯಿಂದ ಆಯ್ದ ಗಾಥೆಗಳನ್ನೂ ತೆಲುಗಿಗೆ ತಂದಿತು. ಹಳ್ಳಿಯ ಹೆಂಗಸರ, ಉಳುವವರ, ದಾರಿಹೋಕರ ಪ್ರಣಯದ ಪುಸ್ತಕ ಅದು. ಜಾಯಸೇನಾನಿಯ ‘ನೃತ್ತರತ್ನಾವಳಿ’ಯ ತೆಲುಗು ಅನುವಾದವೂ ಅವರದೇ. ವೇಮನ, ಹಾಲ, ಜಾಯಸೇನಾನಿ, ಕೊನೆಗೆ ಅನ್ನಮಯ್ಯ: ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲ ಕಡೆಯೂ ಶರ್ಮರು ಬೇರೆಯವರ ಮನೆಗೆ ದೀಪ ಹಚ್ಚಲು ಹೋಗಿದ್ದಾರೆ.

ಮೈಸೂರಿನ ಸೇವೆ ಮುಗಿಯುವ ಹೊತ್ತಿಗೆ ಅವರಿಗೆ ಐವತ್ತೇಳರ ಹತ್ತಿರ. ಹೆಚ್ಚಿನವರು ಆರಾಮ ಕುರ್ಚಿ ಹುಡುಕುವ ವಯಸ್ಸು. 1950ರಲ್ಲಿ ಅವರು ತಿರುಪತಿಗೆ, ಶ್ರೀವೆಂಕಟೇಶ್ವರ ಪ್ರಾಚ್ಯ ಸಂಶೋಧನ ಸಂಸ್ಥೆಗೆ ಹೊರಟರು. ಅಲ್ಲಿ ಅವರಿಗಾಗಿ ಕಾದಿದ್ದದ್ದು ತಾಮ್ರದ ತಗಡುಗಳ ರಾಶಿ.

ಆ ತಗಡುಗಳ ಕಥೆ ಚಿಕ್ಕದಲ್ಲ, ಚಿಕ್ಕದಾಗಿ ಹೇಳುತ್ತೇನೆ. ಅನ್ನಮಯ್ಯ 1408ರಲ್ಲಿ ಹುಟ್ಟಿ 1503ರಲ್ಲಿ ತೀರಿಕೊಂಡವನು. ದಿನಕ್ಕೊಂದಾದರೂ ಸಂಕೀರ್ತನೆ ಎಂಬ ವ್ರತ. ಮೂವತ್ತೆರಡು ಸಾವಿರ ಹಾಡಿದನೆಂದು ಪ್ರತೀತಿ. ಸಿಕ್ಕಿರುವುದು ಸುಮಾರು ಹದಿನಾಲ್ಕು ಸಾವಿರ. ಮಗ ಮೊಮ್ಮಕ್ಕಳ ಕಾಲದಲ್ಲಿ ಅವು ತಾಮ್ರದ ಮೇಲೆ ಕೊರೆಯಲ್ಪಟ್ಟು ತಿರುಮಲೆಯ ಗುಡಿಯಲ್ಲೇ ಒಂದು ಸಣ್ಣ ಕಲ್ಲುಕೋಣೆ ಸೇರಿದವು. ಆಮೇಲೆ ಮರೆವು. ಪೂಜೆ ನಡೆಯುತ್ತಲೇ ಇತ್ತು, ಜನ ಬರುತ್ತಲೇ ಇದ್ದರು, ಗೋಡೆಯಾಚೆ ಹಾಡು ಮಲಗಿತ್ತು. ಇಪ್ಪತ್ತನೆಯ ಶತಮಾನದ ಎರಡು ಮೂರನೆಯ ದಶಕದಲ್ಲಿ ದೇವಸ್ಥಾನದವರ ಕಣ್ಣಿಗೆ ಅವು ಮತ್ತೆ ಬಿದ್ದು, ಸಾಧು ಸುಬ್ರಹ್ಮಣ್ಯ ಶಾಸ್ತ್ರಿಗಳ ಶ್ರಮದಿಂದ ಕೆಳಗಿನ ತಿರುಪತಿಗೆ ಬಂದವು. ವೇಟೂರಿ ಪ್ರಭಾಕರ ಶಾಸ್ತ್ರಿಗಳು ಅವನ್ನು ಓದಿ, ತಿದ್ದಿ, ಅಚ್ಚಿಗೆ ಕೊಡುತ್ತ 1950ರಲ್ಲಿ ತೀರಿಕೊಂಡರು. ಅವರು ಬಿಟ್ಟ ಎಳೆಯನ್ನು ಶರ್ಮರು ಹಿಡಿದರು. ಪಾಠ ಪರಿಷ್ಕರಿಸಿ ಹಲವು ಸಂಪುಟ ಹೊರತಂದರು.

ನಮ್ಮ ದಾಸರ ಪದಗಳು ಬಾಯಲ್ಲಿ ಉಳಿದವು; ಆದ್ದರಿಂದ ಸಾಹಿತ್ಯ ಹತ್ತು ಬಗೆಯಾಯಿತು, ಹಾಡಿಕೆ ಮಾತ್ರ ನಿಲ್ಲಲಿಲ್ಲ. ಅನ್ನಮಯ್ಯನದು ತಲೆಕೆಳಗು. ಸಾಹಿತ್ಯ ಅಕ್ಷರ ತಪ್ಪದೆ ಲೋಹದಲ್ಲಿ ನಿಂತಿತು, ಹಾಡಿಕೆ ಸತ್ತುಹೋಯಿತು. ತಗಡಿನ ಮೇಲೆ ರಾಗದ ಹೆಸರಿದೆ. ಕೆಳಗೆ ಪಲ್ಲವಿ, ಸಾಮಾನ್ಯವಾಗಿ ಮೂರು ಚರಣ. ಸ್ವರವಿಲ್ಲ. ರಾಗದ ಹೆಸರಾದರೂ ದಾರಿ ತೋರಿಸೀತೇ ಎಂದರೆ, ಅಲ್ಲಿ ಕೊಂಡಮಲಹರಿ ಎಂದಿದೆ, ಅಮರಸಿಂಧು ಎಂದಿದೆ, ಅಬಾಲಿ ಎಂದಿದೆ. ಇವನ್ನು ಹಾಡುವವರು ಎಲ್ಲಿದ್ದಾರೆ? ಮುಖಾರಿ, ಶ್ರೀರಾಗ ಎಂದು ಗುರುತಿನ ಹೆಸರಿದ್ದರೂ ಐನೂರು ವರ್ಷದಲ್ಲಿ ರಾಗಗಳೇ ಮೈ ಬದಲಾಯಿಸಿವೆ. ಹೆಸರು ಅದೇ, ಆಸಾಮಿ ಬೇರೆ.

ಇಂಥಲ್ಲಿ ಮಟ್ಟು ಹಾಕುವವನಿಗೆ ಎರಡು ಆಮಿಷ. ಒಂದು, ಹಳೆಯದನ್ನೇ ಪತ್ತೆ ಹಚ್ಚಿದೆ ಎಂದು ಹೇಳಿಕೊಳ್ಳುವುದು. ಇನ್ನೊಂದು, ಹೇಗೂ ಹಳೆಯದು ಹೋಗಿದೆಯಲ್ಲ ಎಂದು ತನ್ನ ವಿದ್ವತ್ತನ್ನೆಲ್ಲ ಅದರ ಮೇಲೆ ಸುರಿಯುವುದು. ಶರ್ಮರು ಹಾಕಿದ ಮಟ್ಟುಗಳನ್ನು ಕೇಳಿದರೆ ಎರಡಕ್ಕೂ ಅವರು ಸಿಕ್ಕಲಿಲ್ಲವೆಂದು ತಿಳಿಯುತ್ತದೆ. ಸಂಗತಿಗಳ ಅಬ್ಬರವಿಲ್ಲ. ಪದ ಎಲ್ಲಿ ಒಡೆಯಬೇಕೋ ಅಲ್ಲೇ ಒಡೆಯುತ್ತದೆ, ಉಸಿರು ಎಲ್ಲಿ ಬೇಕೋ ಅಲ್ಲೇ ಸಿಗುತ್ತದೆ. ತೆಲುಗು ಬಾರದವನಿಗೂ ಇದು ಜೋಗುಳ, ಇದು ಮುನಿಸು, ಇದು ಶರಣಾಗತಿ ಎಂದು ಗೊತ್ತಾಗುತ್ತದೆ. ಸಾಹಿತ್ಯದ ವಿದ್ವಾಂಸನ ಕಿವಿ, ಸಂಗೀತಗಾರನ ಕಂಠ ಒಬ್ಬನಲ್ಲೇ ಸೇರಿದ್ದರಿಂದ ಸಾಧ್ಯವಾದದ್ದು ಇದು. ಹೀಗೆ ನೂರಕ್ಕೂ ಮೇಲ್ಪಟ್ಟ ಸಂಕೀರ್ತನೆಗಳನ್ನು ಸ್ವರಪಡಿಸಿ ಪುಸ್ತಕ ಮಾಡಿದರು. ನಂತರ ನೇದುನೂರಿ ಕೃಷ್ಣಮೂರ್ತಿ, ಬಾಲಕೃಷ್ಣ ಪ್ರಸಾದ್ ಮೊದಲಾದವರು ಬಂದು ಆ ದಾರಿಯನ್ನು ಹೆದ್ದಾರಿ ಮಾಡಿದರು.

ಅನ್ನಮಯ್ಯನ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ದೊರೆ ಸಾಳುವ ನರಸಿಂಹ ಅವನನ್ನು ಪೆನುಗೊಂಡೆಗೆ ಕರೆಸಿಕೊಂಡು, ದೇವರನ್ನು ಹಾಡಿದಂತೆ ನನ್ನನ್ನೂ ಹಾಡು ಎಂದನಂತೆ. ಒಲ್ಲೆ ಎಂದದ್ದಕ್ಕೆ ಸಂಕೋಲೆ ಹಾಕಿಸಿದನಂತೆ. ಪೆನುಗೊಂಡೆ ಇರುವುದು ಮಡಕಶಿರಾದ ನೆರೆಯಲ್ಲೇ. ಹಾಡು ಒಮ್ಮೆ ಸೆರೆಯಾದ ಸೀಮೆಯಿಂದಲೇ ಅದನ್ನು ಬಿಡಿಸುವವರೂ ಬಂದರು ಎಂದು ಪುರಾಣದವರಾದರೆ ಹೇಳಿಬಿಡುತ್ತಿದ್ದರು. ನಾನು ಪತ್ರಿಕೆಗೆ ಬರೆಯುವವನು. ಊರುಗಳು ಹತ್ತಿರ ಹತ್ತಿರ ಇವೆ ಎಂದಷ್ಟೇ ಹೇಳುತ್ತೇನೆ.

ಶರ್ಮರು ತಿರುಪತಿಯಲ್ಲಿ ತಗಡು ಓದುತ್ತಿದ್ದಾಗ ಇತ್ತ ಗೆರೆ ಎಳೆಯಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಮೈಸೂರಿಗೆ ಬಂತು. ಅದರಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಕಳಚಿ ಆಂಧ್ರಕ್ಕೆ ಹೋದವು, ರಾಯದುರ್ಗ ಅನಂತಪುರಕ್ಕೆ ಸೇರಿತು. ಮಡಕಶಿರಾ ಹಿಂದಿನಿಂದಲೂ ಅಲ್ಲೇ ಇದ್ದದ್ದು ಅಲ್ಲೇ ಉಳಿಯಿತು. ಅನಂತಪುರವೇ 1882ರ ತನಕ ಬಳ್ಳಾರಿಯ ಭಾಗವಾಗಿತ್ತು ಎಂಬುದು ಆ ಹೊತ್ತಿಗೆ ಯಾರಿಗೂ ಬೇಡವಾದ ನೆನಪು. 2022ರಲ್ಲಿ ಮತ್ತೊಂದು ಗೆರೆ ಬಿದ್ದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ, ಕಂಬದೂರು ಅನಂತಪುರದಲ್ಲೇ ಉಳಿದವು.

ಗೆರೆ ನೆಲವನ್ನು ಹಂಚಿದಂತೆ ಮನುಷ್ಯರನ್ನೂ ಹಂಚುತ್ತದೆ. ಹಂಚಿಕೆಯಲ್ಲಿ ರಾಳ್ಳಪಲ್ಲಿಯವರು ತೆಲುಗಿನ ಪಾಲಿಗೆ ಹೋದರು. ತೆಲುಗರು ಚೆನ್ನಾಗಿಯೇ ನೋಡಿಕೊಂಡಿದ್ದಾರೆ, ಆ ಮಾತು ಬೇರೆ. ಆದರೆ ಬಾಲ್ಯದಿಂದ ನಿವೃತ್ತಿಯವರೆಗೆ ಮೈಸೂರಿನಲ್ಲಿದ್ದವರು, ಕನ್ನಡದಲ್ಲಿ ‘ಗಾನಕಲೆ’ ಬರೆದವರು, ‘ಸಾಹಿತ್ಯ ಮತ್ತು ಜೀವನ ಕಲೆ’ ಬರೆದವರು ನಮ್ಮ ಲೆಕ್ಕದಿಂದ ಹೇಗೆ ಜಾರಿದರು? ಮನೆಮಾತು ತಮಿಳಾದ ಮಾಸ್ತಿ, ಮರಾಠಿಯಾದ ಬೇಂದ್ರೆ ನಮ್ಮವರು ಎಂದು ಎದೆ ತಟ್ಟಿಕೊಳ್ಳುತ್ತೇವೆ, ಸರಿಯೇ. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಮಾತ್ರ ಯಾವ ದಡವೂ ಪೂರ್ತಿ ಕರೆದುಕೊಳ್ಳುವುದಿಲ್ಲ. ಕನ್ನಡ ಸಂಗೀತ ಬರವಣಿಗೆಯ ಮಾತು ಬಂದಾಗ ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ನೆನಪಾಗುತ್ತದೆ, ಆಗಲೇಬೇಕು. ‘ಗಾನಕಲೆ’ಯನ್ನು ಅದರ ಪಕ್ಕ ಇಡುವವರು ಅಪರೂಪ. ಬೇಸರವೆಂದರೆ ಇದಕ್ಕೆ ಅವರೂ ಸ್ವಲ್ಪ ಕಾರಣ. ತಮ್ಮ ಬಗ್ಗೆ ತಾವು ಗದ್ದಲ ಮಾಡಿಕೊಳ್ಳುವ ವಿದ್ಯೆಯೊಂದನ್ನು ಅವರು ಕಲಿಯಲಿಲ್ಲ.

ಬಿರುದುಗಳು ಬಂದವು, ತಡವಾಗಿ. ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಎಂದು ಕರೆದದ್ದು 1974ರಲ್ಲಿ. ಆಗ ವಯಸ್ಸು ಎಂಬತ್ತೊಂದು. ಹೆಚ್ಚಾಗಿ ವೇದಿಕೆಯ ದಿಗ್ಗಜರಿಗೆ ಸಲ್ಲುವ ಆ ಗೌರವ ವರ್ಷಗಟ್ಟಲೆ ತಗಡಿನ ಮುಂದೆ ಕೂತ ಪಂಡಿತರಿಗೆ ಬಂತು. 1978ರಲ್ಲಿ ತಿರುಪತಿ ದೇವಸ್ಥಾನ ಅನ್ನಮಾಚಾರ್ಯ ಯೋಜನೆ ಎಂದೇ ಒಂದು ವಿಭಾಗ ತೆರೆಯಿತು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಧ್ವನಿಮುದ್ರಿಕೆಗಳು ಮನೆ ಮನೆಯ ಬೆಳಗನ್ನು ಅನ್ನಮಯ್ಯನಿಂದ ತುಂಬಿದ್ದು ಅದರ ಬೆನ್ನಿಗೆ. ಕ್ಯಾಸೆಟ್ಟು, ಸಿನಿಮಾ, ಲಕ್ಷಗಟ್ಟಲೆ ಕೊರಳು ಎಲ್ಲ ಆಮೇಲಿನ ಮಾತು. ಅಷ್ಟು ಹೊತ್ತಿಗೆ ಶರ್ಮರಿರಲಿಲ್ಲ.

ಕಡೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. ಎಂಬತ್ತಾರು ದಾಟಿತ್ತು. ತಿರುಮಲ ತಿರುಪತಿ ದೇವಸ್ಥಾನ ಅವರನ್ನು ತನ್ನ ಆಸ್ಥಾನ ವಿದ್ವಾಂಸರೆಂದು ಗೌರವಿಸಲು ತೀರ್ಮಾನಿಸಿತು. ವಿದ್ವಾಂಸರು ಬೆಟ್ಟಕ್ಕೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಗೌರವವೇ ಬೆಂಗಳೂರಿಗೆ ಬಂತು. ಅದು 1979ರ ಮಾರ್ಚ್ 11. ಅವರು ತೀರಿಕೊಂಡದ್ದೂ ಅಂದೇ. ತಿಮ್ಮಪ್ಪನ ಆಸ್ಥಾನದಲ್ಲಿ ಅವರು ವಿದ್ವಾಂಸರಾಗಿ ಇದ್ದದ್ದು ಒಂದು ದಿನ, ಅದೂ ಪೂರ್ತಿ ಅಲ್ಲ.